ಸಿಪ್ಯಾಪ್ ಯಂತ್ರದ ಪ್ರೆಶರ್ ನಾನೇ ಬದಲಿಸಬಹುದೇ?

ಪ್ರಶ್ನೆ: ಡಾಕ್ಟರೇ, ನನಗೆ 54 ವರ್ಷ. ನಿದ್ದೆಯಲ್ಲಿ ಗಂಟೆಗೆ 38 ಸಲ ಉಸಿರು ಕಟ್ಟುತ್ತದೆ ಎಂದು ಸ್ಲೀಪ್ ಸ್ಟಡಿಯಲ್ಲಿ ಬಂದಮೇಲೆ ಆಟೋ ಸಿಪ್ಯಾಪ್ (ಗಂಟಲು ಮುಚ್ಚಿಕೊಳ್ಳದಂತೆ ಮಾಸ್ಕ್ ಮೂಲಕ ಗಾಳಿ ಊದುವ, ಪ್ರೆಶರನ್ನು ತಾನೇ ಏರಿಳಿಸಿಕೊಳ್ಳುವ ಯಂತ್ರ) ಕೊಂಡೆ. ಪ್ರೆಶರ್ 4ರಿಂದ 20ಕ್ಕೆ ಇಟ್ಟುಕೊಟ್ಟಿದ್ದಾರೆ. ಮೂಗಿನ ಮಾಸ್ಕ್ ಹಾಕಿಕೊಂಡ ಕೂಡಲೇ ಗಾಳಿ ಸಾಲುವುದಿಲ್ಲ, ನಡುರಾತ್ರಿಯಲ್ಲಿ ರಭಸವಾಗಿ ಊದಿ ಎಬ್ಬಿಸಿಬಿಡುತ್ತದೆ. ಬೆಳಿಗ್ಗೆ ಬಾಯಿ ಒಣಗಿರುತ್ತದೆ, ಹೊಟ್ಟೆ ಉಬ್ಬರಿಸಿರುತ್ತದೆ. ಪರದೆಯಲ್ಲಿ ಎಎಚ್‌ಐ (ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿತು ಅಥವಾ ಕುಗ್ಗಿತು ಎಂಬ ಲೆಕ್ಕ) 9ರ ಆಸುಪಾಸು. ಯಂತ್ರ ಕೊಟ್ಟವರು "ಸೆಟ್ಟಿಂಗ್ ಮುಟ್ಟಬೇಡಿ, ಅದು ನಮ್ಮ ಕೆಲಸ" ಎನ್ನುತ್ತಾರೆ, ಆ ಕೆಲಸ ಮಾಡುವುದೂ ಇಲ್ಲ. ಒಳಗಿನ ಮೆನು ತೆರೆಯುವುದು ಹೇಗೆಂದು ಅಂತರ್ಜಾಲದಲ್ಲಿ ನೋಡಿಕೊಂಡಿದ್ದೇನೆ. ನಾನೇ ಬದಲಿಸಿದರೆ ತಪ್ಪೇ?

ಉತ್ತರ: ಮೊದಲು ಯಾರು ಮುಟ್ಟಲೇಬಾರದು ಎಂಬುದನ್ನು ಹೇಳಿಬಿಡುತ್ತೇನೆ. ಹೃದಯ ವೈಫಲ್ಯ ಇರುವವರು, ಸಿಒಪಿಡಿಯಂಥ ಶ್ವಾಸಕೋಶದ ಕಾಯಿಲೆ ಅಥವಾ ಸ್ನಾಯುದೌರ್ಬಲ್ಯದ ಕಾಯಿಲೆ ಇರುವವರು, ನೋವಿಗೆ ಮಾರ್ಫಿನ್ ಜಾತಿಯ ಮಾತ್ರೆ ನುಂಗುವವರು, ಹಿಂದೊಮ್ಮೆ ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡವರು, ಬೈಪ್ಯಾಪ್ (ಉಸಿರೆಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಪ್ರೆಶರ್ ಕೊಡುವ) ಅಥವಾ ಎಎಸ್‌ವಿ (ಉಸಿರಿನ ಏರಿಳಿತ ನೋಡಿ ಪ್ರತಿ ಉಸಿರಿಗೂ ನೆರವು ಹೊಂದಿಸುವ) ಯಂತ್ರ ಬಳಸುವವರು. ಇದು ಬರಿಯ ಹೆದರಿಕೆಯ ಮಾತಲ್ಲ. ಹೃದಯದ ಪಂಪ್ ಮಾಡುವ ಶಕ್ತಿ ಕುಗ್ಗಿದ್ದು, ಮಿದುಳಿನ ಸೂಚನೆ ತಪ್ಪಿ ಉಸಿರು ನಿಲ್ಲುತ್ತಿದ್ದ ರೋಗಿಗಳಿಗೆ ಎಎಸ್‌ವಿ ಕೊಟ್ಟು ನೋಡಿದ ದೊಡ್ಡ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಯಂತ್ರ ಬಳಸಿದವರಲ್ಲಿ ಹೃದ್ರೋಗದ ಸಾವು ಹೆಚ್ಚಿತ್ತು. ಉಸಿರಿನ ಅಂಕಿ ಸುಧಾರಿಸಿತ್ತು, ರೋಗಿ ಸುಧಾರಿಸಿರಲಿಲ್ಲ.

ನೀವು ಈ ಗುಂಪಿಗೆ ಸೇರದಿದ್ದರೆ ನನ್ನ ಉತ್ತರ ಹೀಗಿದೆ: ಡಾಕ್ಟರ ಗಮನಕ್ಕೆ ತಂದು, ಸಲಕ್ಕೆ ಒಂದೇ ಸೆಟ್ಟಿಂಗ್‌ನಂತೆ, ಸ್ವಲ್ಪಸ್ವಲ್ಪವೇ ಬದಲಿಸಿಕೊಳ್ಳಬಹುದು. ಇದನ್ನು ಒಪ್ಪದ ವೈದ್ಯರೂ ಇದ್ದಾರೆ. ಆದರೆ ಸಾಮಾನ್ಯ ಸಿಪ್ಯಾಪ್ ಬಳಸುವವರಲ್ಲಿ ನಾನು ಕಂಡ ಹೆಚ್ಚಿನ ನಷ್ಟ ಪ್ರೆಶರ್ ಒಂದೆರಡು ಅಂಕಿ ಏರಿಳಿದದ್ದರಿಂದ ಆದದ್ದಲ್ಲ, ಕಿರಿಕಿರಿ ತಾಳಲಾರದೆ ಯಂತ್ರವನ್ನೇ ಅಟ್ಟಕ್ಕೆ ಹಾಕಿದ್ದರಿಂದ ಆದದ್ದು.

ಪ್ರೆಶರ್ ಎಂಬ ಅಂಕಿ ಅಷ್ಟೇನೂ ಪವಿತ್ರವಲ್ಲ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಸಿಪ್ಯಾಪ್ ಚಿಕಿತ್ಸೆಯನ್ನು ಮೊದಲು ವರದಿ ಮಾಡಿದರು. ಆಮೇಲೆ ಬಹುಕಾಲ ಪ್ರಯೋಗಾಲಯದಲ್ಲಿ ಮೈತುಂಬ ವಯರು ಅಂಟಿಸಿಕೊಂಡು ಮಲಗಿದ ಒಂದು ರಾತ್ರಿಯಲ್ಲೇ ಈ ಅಂಕಿ ತೀರ್ಮಾನವಾಗುತ್ತಿತ್ತು. ತೂಕ ಏರಿದರೆ, ಮೂಗು ಕಟ್ಟಿದರೆ, ಮದ್ಯ ಕುಡಿದರೆ, ಅಂಗಾತ ಮಲಗಿದರೆ ಬೇಕಾಗುವ ಪ್ರೆಶರ್ ಬೇರೆಯೇ. 2003ರಲ್ಲಿ ಕೆನಡಾದ ಸಂಶೋಧಕರು ರೋಗಿಗಳ ಕೈಯಲ್ಲೇ ಪ್ರೆಶರ್ ಹೊಂದಿಸಿ ನೋಡಿದ್ದಾರೆ. ಪ್ರಯೋಗಾಲಯದಲ್ಲಿ ಹೊಂದಿಸಿದ ಪ್ರೆಶರ್‌ಗಿಂತ ಅದೇನೂ ಕಡಿಮೆ ಬೀಳಲಿಲ್ಲ. ಅದು ಚಿಕ್ಕ ಅಧ್ಯಯನ, ರೋಗಿಗಳಿಗೆ ಮೊದಲೇ ತಿಳಿಹೇಳಲಾಗಿತ್ತು ಎಂಬುದನ್ನೂ ಮರೆಯಬೇಡಿ.

ಈಗ ನಿಮ್ಮ ವಿಷಯ. 4ರಿಂದ 20 ಎಂಬುದು ನಿಮ್ಮನ್ನು ನೋಡಿ ಇಟ್ಟ ಅಂಕಿಯಲ್ಲ, ಕಾರ್ಖಾನೆಯಿಂದ ಬಂದದ್ದು ಹಾಗೇ ಉಳಿದಿದೆ. ದೊಡ್ಡವರಲ್ಲಿ ಹಲವರಿಗೆ 4ರಲ್ಲಿ ಉಸಿರಾಡಲು ಗಾಳಿ ಸಾಲುವುದಿಲ್ಲ. ಆಟೋ ಯಂತ್ರ ಗಂಟಲು ಮುಚ್ಚಿಕೊಳ್ಳುವುದನ್ನು ಕಂಡಮೇಲೆ ಮೆಲ್ಲಗೆ ಮೇಲೇರುತ್ತದೆ. ಕೆಳಮಿತಿ ತೀರಾ ಕೆಳಗಿದ್ದರೆ ಅದು ಏರಿ ಮುಟ್ಟುವಷ್ಟರಲ್ಲಿ ನಾಲ್ಕಾರು ಸಲ ಉಸಿರು ಕಟ್ಟಿ ಮುಗಿದಿರುತ್ತದೆ. ಮೇಲ್ಮಿತಿ ಬಿಟ್ಟುಕೊಟ್ಟಿರುವುದರಿಂದ ಆಮೇಲೆ ತಡೆಯಿಲ್ಲದೆ ಏರುತ್ತದೆ. ಮಾಸ್ಕ್ ಸೋರುತ್ತದೆ, ಗಾಳಿ ಹೊಟ್ಟೆಗೆ ಇಳಿಯುತ್ತದೆ. ನಿಮ್ಮ ಉಬ್ಬರಕ್ಕೆ ಬಹುಶಃ ಇದೇ ಕಾರಣ.

ಆದರೆ ಮೆನು ತೆರೆಯುವ ಮುಂಚೆ ಮಾಸ್ಕ್ ನೋಡಿ. ಬಾಯಿ ಒಣಗುತ್ತದೆ ಎಂದಿದ್ದೀರಿ. ಮೂಗಿನ ಮಾಸ್ಕ್ ಹಾಕಿಕೊಂಡವರು ನಿದ್ದೆಯಲ್ಲಿ ಬಾಯಿ ತೆರೆದರೆ ಗಾಳಿಯೆಲ್ಲ ಅಲ್ಲಿಂದ ಹೊರಟುಹೋಗುತ್ತದೆ. ಲೀಕ್ ಹೆಚ್ಚಾದಾಗ ಯಂತ್ರಕ್ಕೆ ನಿಮ್ಮ ಉಸಿರು ಸರಿಯಾಗಿ ತಿಳಿಯುವುದಿಲ್ಲ, ಅದು ತೋರಿಸುವ ಎಎಚ್‌ಐಯನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ. ಹೆಚ್ಚು ಬಳಕೆಯಲ್ಲಿರುವ ಒಂದು ಕಂಪನಿಯ ಯಂತ್ರಗಳು ನಿಮಿಷಕ್ಕೆ 24 ಲೀಟರ್ ದಾಟಿದರೆ ಲೀಕ್ ಜಾಸ್ತಿ ಎಂದು ಎಣಿಸುತ್ತವೆ. ಬಾಯಿ-ಮೂಗು ಎರಡನ್ನೂ ಮುಚ್ಚುವ ಮಾಸ್ಕ್ ಅಥವಾ ಗಲ್ಲದ ಪಟ್ಟಿಯನ್ನು ಕೆಲವು ರಾತ್ರಿ ಹಾಕಿ ನೋಡಿ. ಮಾಸ್ಕ್ ಬದಲಿಸಿದರೆ ಯಂತ್ರದಲ್ಲಿ ಮಾಸ್ಕ್ ವಿಧವನ್ನೂ ಬದಲಿಸಬೇಕು. ಬಹಳ ಜನ ಇದನ್ನೇ ಮರೆಯುತ್ತಾರೆ.

ಎರಡನೆಯದು, ಆ 9ರೊಳಗೆ ಏನೇನಿದೆ? ನನ್ನ ಪ್ರಕಾರ ಇಡೀ ವಿಷಯದ ಗುಟ್ಟು ಇಲ್ಲಿದೆ. ಗಂಟಲು ಮುಚ್ಚಿಕೊಂಡು ಕಟ್ಟುವ ಉಸಿರು ಒಂದು ಬಗೆ. ಗಂಟಲು ತೆರೆದೇ ಇದ್ದು, ಉಸಿರೆಳೆಯಲು ಮಿದುಳಿನಿಂದ ಸೂಚನೆಯೇ ಬರದಿರುವುದು ಇನ್ನೊಂದು. ಯಂತ್ರದ ವಿವರವಾದ ವರದಿಯಲ್ಲಿ (ಅದನ್ನು ನೋಡುವ ಬಗೆ ಮುಂದಿನ ಉತ್ತರದಲ್ಲಿದೆ) ಇವೆರಡೂ ಬೇರೆಬೇರೆಯಾಗಿ ಕಾಣುತ್ತವೆ. ಮೊದಲನೆಯದು ಹೆಚ್ಚಿದ್ದರೆ ಕೆಳಮಿತಿ ಏರಿಸಿದಾಗ ಇಳಿಯುತ್ತದೆ. ಎರಡನೆಯದೇ ಹೆಚ್ಚಿದ್ದರೆ ಪ್ರೆಶರ್ ಏರಿಸಿದಷ್ಟೂ ಕೆಲವರಲ್ಲಿ ಕೆಡುತ್ತದೆ. ಎಎಚ್‌ಐ ಜಾಸ್ತಿ ಬಂತು, ಪ್ರೆಶರ್ ಏರಿಸೋಣ ಎಂದು ಹೊರಟವರು ಎಡವುವುದು ಇಲ್ಲಿಯೇ. ನಿಮ್ಮ ವರದಿಯಲ್ಲಿ ಎರಡನೆಯ ಬಗೆಯೇ ಎದ್ದು ಕಂಡರೆ ಮೆನು ಮುಚ್ಚಿಟ್ಟು ಸ್ಲೀಪ್ ತಜ್ಞರ ಹತ್ತಿರ ಹೋಗಿ.

ಮೊದಲ ಬಗೆಯದೇ ಆಗಿದ್ದರೆ ವರದಿಯಲ್ಲಿ 95 ಪರ್ಸೆಂಟೈಲ್ ಪ್ರೆಶರ್ ಎಷ್ಟಿದೆ ನೋಡಿ. ರಾತ್ರಿಯ ಶೇ. 95ರಷ್ಟು ಹೊತ್ತು ಪ್ರೆಶರ್ ಆ ಅಂಕಿಯಲ್ಲಿ ಅಥವಾ ಅದರ ಕೆಳಗೆ ಇತ್ತು ಎಂದರ್ಥ. ಅದು 11 ಎಂದಿಟ್ಟುಕೊಳ್ಳಿ. ಆಗ ಕೆಳಮಿತಿ 4ರಲ್ಲಿರಬೇಕಾದ ಕಾರಣವೇ ಇಲ್ಲ. ಒಂದು ಅಂಕಿ ಏರಿಸಿ, ಒಂದು ವಾರ ಬಿಟ್ಟು, ಅಂಕಿ ಮತ್ತು ನಿಮ್ಮ ಹಗಲು ಎರಡನ್ನೂ ನೋಡಿ, ಆಮೇಲೆ ಇನ್ನೊಂದು ಅಂಕಿ. ಒಂದೇ ರಾತ್ರಿಯ ಲೆಕ್ಕದಿಂದ ಏನೂ ತೀರ್ಮಾನಿಸಬೇಡಿ. ಮೇಲ್ಮಿತಿಯನ್ನು ಕೊನೆಗೆ ಇಳಿಸಿ, 95ರ ಅಂಕಿಗಿಂತ ಒಂದೆರಡು ಮೇಲೆಯೇ ಇರಲಿ. ಮೂಲ ಸೆಟ್ಟಿಂಗ್‌ಗಳನ್ನು ಮೊದಲೇ ಒಂದು ಕಾಗದದಲ್ಲಿ ಬರೆದಿಡಿ.

ಗಾಳಿಯ ತೇವ, ಪೈಪಿನ ಬಿಸಿ, ಮೆಲ್ಲಗೆ ಶುರುವಾಗುವ ರ‍್ಯಾಂಪ್ ಇವೆಲ್ಲ ಯಾರನ್ನೂ ಕೇಳದೆ ನೀವೇ ಬದಲಿಸಿಕೊಳ್ಳುವಂಥವು. ಇವುಗಳ ಸಾಲಿನಲ್ಲೇ ಉಸಿರು ಬಿಡುವಾಗ ಪ್ರೆಶರ್ ತಗ್ಗಿಸುವ ಸೌಲಭ್ಯವೂ ಇರುತ್ತದೆ. ಅದನ್ನು ಬರಿಯ ಆರಾಮದ ಸೆಟ್ಟಿಂಗ್ ಎಂದುಕೊಳ್ಳಬೇಡಿ. 3ಕ್ಕೆ ಇಟ್ಟರೆ ಕೆಲವು ಯಂತ್ರಗಳಲ್ಲಿ ಉಸಿರು ಬಿಡುವಾಗ ಪ್ರೆಶರ್ ಮೂರು ಅಂಕಿ ಇಳಿಯುತ್ತದೆ, ಕೆಲವರ ಗಂಟಲಿಗೆ ಆಗ ಆಧಾರ ಸಾಲುವುದಿಲ್ಲ. ಯಾವುದು ಆರಾಮ, ಯಾವುದು ಚಿಕಿತ್ಸೆ ಎಂದು ಮೆನು ಗೆರೆ ಎಳೆದ ಮಾತ್ರಕ್ಕೆ ಮೈ ಆ ಗೆರೆಗೆ ಬದ್ಧವಲ್ಲ.

ಯಂತ್ರಕ್ಕೆ ಕಾಣದ ಸಂಗತಿಗಳೂ ಇವೆ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅದು ತಾನಾಗಿ ಅಳೆಯುವುದಿಲ್ಲ, ನೀವು ಎಚ್ಚರವಾಗಿದ್ದೀರೋ ನಿದ್ದೆಯಲ್ಲಿದ್ದೀರೋ ಎಂದೂ ಅದಕ್ಕೆ ಗೊತ್ತಿಲ್ಲ. ಎಎಚ್‌ಐ 5ಕ್ಕಿಂತ ಕೆಳಗಿಳಿದ ಮೇಲೂ ಹಗಲಲ್ಲಿ ತೂಕಡಿಕೆ ಬರುತ್ತಿದ್ದರೆ ಅಂಕಿಯನ್ನಲ್ಲ, ತೂಕಡಿಕೆಯನ್ನು ನಂಬಿ. ಅದು ಹೋಗುವವರೆಗೆ ವಾಹನ ಓಡಿಸಬೇಡಿ.

ಒಂದು ಕಿವಿಮಾತು. ಮೋಡೆಮ್ ಇರುವ ಯಂತ್ರದಲ್ಲಿ ನೀವು ಮಾಡಿದ ಬದಲಾವಣೆ ಯಂತ್ರ ಕೊಟ್ಟವರ ಪರದೆಯಲ್ಲಿ ಕಾಣಬಹುದು, ಅಲ್ಲಿಂದಲೇ ಅವರು ಹಳೆಯ ಅಂಕಿಗೆ ತಿರುಗಿಸಲೂಬಹುದು. ಬಾಡಿಗೆಯದೋ ವಿಮೆಯದೋ ಆಗಿದ್ದರೆ ಕರಾರನ್ನು ಓದಿಕೊಳ್ಳಿ. ಕದ್ದುಮುಚ್ಚಿ ಮಾಡುವುದಕ್ಕಿಂತ "ಕೆಳಮಿತಿ 7ಕ್ಕೆ ಏರಿಸಬೇಕೆಂದಿದ್ದೇನೆ, ಕಾರಣ ಇದು" ಎಂದು ವರದಿ ಸಮೇತ ಡಾಕ್ಟರಿಗೆ ಬರೆಯಿರಿ. ಇಷ್ಟು ಸ್ಪಷ್ಟವಾಗಿ ಕೇಳುವ ರೋಗಿಗೆ ಬೇಡ ಎನ್ನುವವರು ಕಾರಣವನ್ನೂ ಹೇಳಬೇಕಾಗುತ್ತದೆ.

ಪ್ರಶ್ನೆ: ನನ್ನ ತಂದೆಯವರ ಯಂತ್ರದ ಪರದೆಯಲ್ಲಿ ಒಂದು ನಗುಮುಖ, ಒಂದು ಅಂಕಿ ಬಿಟ್ಟರೆ ಏನೂ ಕಾಣುವುದಿಲ್ಲ. ಪೂರ್ತಿ ವಿವರ ನೋಡುವುದು ಹೇಗೆ?

ಉತ್ತರ: ಯಂತ್ರದ ಬದಿಯಲ್ಲಿ ಎಸ್‌ಡಿ ಕಾರ್ಡ್ ಹಾಕುವ ಜಾಗ ಇದೆಯೇ ನೋಡಿ. ಹಲವು ಯಂತ್ರಗಳಲ್ಲಿ ಪ್ರತಿ ಉಸಿರಿನ ವಿವರ ಉಳಿಯುವುದು ಕಾರ್ಡಿನಲ್ಲಿ ಮಾತ್ರ. ಕಾರ್ಡ್ ಇಲ್ಲದ ರಾತ್ರಿಗಳ ಸಾರಾಂಶವಷ್ಟೇ ಸಿಗುತ್ತದೆ, ಹಾಗಾಗಿ ಇಂದೇ ಹಾಕಿ. ಓದಲು ಆಸ್ಕರ್ ಎಂಬ ಉಚಿತ ತಂತ್ರಾಂಶವಿದೆ. ಕಂಪ್ಯೂಟರಿಗೆ ಹಾಕುವ ಮೊದಲು ಕಾರ್ಡನ್ನು ಲಾಕ್ ಸ್ಥಿತಿಗೆ ತಳ್ಳಿ, ಯಂತ್ರಕ್ಕೆ ಮರಳಿಸುವಾಗ ಲಾಕ್ ತೆಗೆಯಿರಿ. ಗ್ರಾಫ್ ನೋಡಿ ಗಾಬರಿಯಾಗಬೇಡಿ. ಎಚ್ಚರವಿದ್ದು ಹೊರಳುವಾಗ ಉಸಿರು ಹಿಡಿದದ್ದೂ ಅಲ್ಲಿ ಗುರುತಾಗಿರುತ್ತದೆ. ಎರಡು ವಾರದ ಲೆಕ್ಕವನ್ನು ಪ್ರಿಂಟ್ ಮಾಡಿಕೊಂಡು ಮುಂದಿನ ಭೇಟಿಗೆ ಒಯ್ಯಿರಿ.