ಕ್ರಿಸ್‌ಮಸ್ ಬಿಯರ್‌ಗೆ ಎರಡು ಅಂಕ ಕೊಡಬಹುದಾ?

ಓಸ್ಲೋಗೆ ಬಂದು ಇನ್ನೂ ಮೂರು ತಿಂಗಳು, ಆಫೀಸಿನವರು ‘ಯೂಲೆಓಲ್’ ಅಂದರೆ ಕ್ರಿಸ್‌ಮಸ್ ಬಿಯರ್ ರುಚಿ ನೋಡುವ ಕೂಟಕ್ಕೆ ಕರೆದಿದ್ದಾರೆ, ಬಿಯರ್ ಬಗ್ಗೆ ಏನೂ ಗೊತ್ತಿಲ್ಲ, ಅಂಕ ಬೇರೆ ಕೊಡಬೇಕಂತೆ, ಹೋಗದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರಾ ಅಂತ ಕೇಳಿದ್ದೀರಿ. ಬೇಜಾರೇನೂ ಮಾಡಿಕೊಳ್ಳುವುದಿಲ್ಲ. ಆದರೂ ಹೋಗಿ ಬನ್ನಿ. ವರ್ಷವಿಡೀ ಲಿಫ್ಟ್‌ನಲ್ಲಿ ಕಣ್ಣು ತಪ್ಪಿಸಿ ನಿಲ್ಲುವ ಜನ ಆ ಒಂದು ಸಂಜೆ ಜಗಳ ಆಡುವಷ್ಟು ಮಾತಾಡುತ್ತಾರೆ.

ನಾರ್ವೆಯಲ್ಲಿ ಕ್ರಿಸ್‌ಮಸ್‌ಗೆ ಬಿಯರ್ ಅನ್ನುವುದು ಕಂಪನಿಗಳು ಮೊನ್ನೆ ಮೊನ್ನೆ ಹುಟ್ಟಿಸಿದ ವ್ಯಾಪಾರ ಅಲ್ಲ. ಮಧ್ಯಯುಗದ ಗುಲಾಟಿಂಗ್ ಕಾನೂನಿನ ಪ್ರಕಾರ ಪಶ್ಚಿಮ ನಾರ್ವೆಯ ರೈತರು ಹಬ್ಬಕ್ಕೆ ಬಿಯರ್ ಮಾಡಲೇಬೇಕಿತ್ತು. ತಪ್ಪಿಸಿದರೆ ಬಿಷಪ್‌ಗೆ ದಂಡ ಕಟ್ಟಬೇಕು. ಮೂರು ವರ್ಷ ಸತತವಾಗಿ ತಪ್ಪಿಸಿದರೆ ಆಸ್ತಿಯೇ ಹೋಗುತ್ತಿತ್ತು! ಈಗ ದಂಡ ಇಲ್ಲ, ಅಭಿಮಾನ ಮಾತ್ರ ಹಾಗೇ ಉಳಿದಿದೆ. ಡ್ರಾಮ್ಮೆನ್‌ನವರು 1834ರಿಂದ ನಡೆಯುತ್ತಿರುವ ತಮ್ಮ ಓಸ್ ಬ್ರೂವರಿಯನ್ನು ಬಿಟ್ಟುಕೊಡುವುದಿಲ್ಲ. ಟ್ರೊಮ್ಸೊದವರಿಗೆ ಮಾಕ್, ಬರ್ಗೆನ್‌ನವರಿಗೆ ಹಾನ್ಸಾ. ಯಾರು ಯಾವ ಊರಿನವರು ಅಂತ ಮೊದಲೇ ತಿಳಿದುಕೊಂಡರೆ ಒಳ್ಳೆಯದು.

ಅಂಕ ಕೊಡುವುದು ದಾಳದ ಲೆಕ್ಕದಲ್ಲಿ, ಒಂದರಿಂದ ಆರು. ವೆರ್ಡೆನ್ಸ್ ಗಾಂಗ್ ಪತ್ರಿಕೆ 1952ರಲ್ಲಿ ಸಿನಿಮಾ ವಿಮರ್ಶೆಗೆ ದಾಳ ಹಾಕಲು ಶುರುಮಾಡಿತು. ಈಗ ಪುಸ್ತಕ, ಫೋನು, ಸಾಸೇಜು, ಬಿಯರು, ಎಲ್ಲದಕ್ಕೂ ದಾಳವೇ. ಇಲ್ಲಿ ಮದ್ಯದ ಜಾಹೀರಾತು ನಿಷೇಧ. ಹಾಗಾಗಿ ನವೆಂಬರ್ ಬಂತೆಂದರೆ ಪತ್ರಿಕೆಗಳ ಯೂಲೆಓಲ್ ಪರೀಕ್ಷೆಗೆ ಜನ ಕಾಯುತ್ತಾರೆ. ಆಫೀಸಿನ ಕೂಟ ಅದರದೇ ಪುಟ್ಟ ನಕಲು. ಬಾಟಲಿಗೆ ಕಾಗದ ಸುತ್ತಿ ನಂಬರ್ ಬರೆದಿರುತ್ತಾರೆ.

ಇಲ್ಲಿ ನಮ್ಮವರು ಮಾಡುವ ಒಂದು ಕೆಲಸ ಇದೆ. ಯಾರಿಗೂ ನೋವಾಗಬಾರದು ಅಂತ ಎಲ್ಲದಕ್ಕೂ ನಾಲ್ಕು, ಐದು ಕೊಟ್ಟು ಸುಮ್ಮನೆ ಕೂರುವುದು. ದಯವಿಟ್ಟು ಹಾಗೆ ಮಾಡಬೇಡಿ. ಅದನ್ನು ಇಲ್ಲಿ ಮರ್ಯಾದೆ ಅಂದುಕೊಳ್ಳುವುದಿಲ್ಲ, ಈ ಮನುಷ್ಯನಿಗೆ ಆಸಕ್ತಿ ಇಲ್ಲ ಅಂದುಕೊಳ್ಳುತ್ತಾರೆ. ಇಷ್ಟವಾಗದ್ದಕ್ಕೆ ಎರಡು ಕೊಡಿ, ಯಾಕೆ ಅಂತ ಒಂದು ಮಾತು ಹೇಳಿ. ಕಾಗದ ಬಿಚ್ಚಿದಾಗ ಅದು ನಿಮ್ಮ ಬಾಸ್ ತಂದದ್ದೇ ಆಗಿದ್ದರೂ ಏನೂ ಆಗುವುದಿಲ್ಲ. ಅವರೇ ಮೊದಲು ನಗುತ್ತಾರೆ, ಆಮೇಲೆ ವಾದಕ್ಕೆ ಇಳಿಯುತ್ತಾರೆ. ನೀವೂ ವಾದ ಮಾಡಬೇಕು. ಮೀಟಿಂಗ್‌ಗಳಲ್ಲೂ ಇವರು ನಿಮ್ಮಿಂದ ಬಯಸುವುದು ಇದನ್ನೇ, ಅಲ್ಲಿ ಬಾಯಿ ಬಿಡುವುದಕ್ಕಿಂತ ಇಲ್ಲಿ ಸುಲಭ.

ಏನು ಹೇಳಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಯೂಲೆಓಲ್ ಹೆಚ್ಚಾಗಿ ಕಂದು ಅಥವಾ ಕೆಂಪು ಬಣ್ಣ. ಜಾಸ್ತಿ ಬಿಸಿಯಲ್ಲಿ ಒಣಗಿಸಿದ, ಹುರಿದ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಹಾಕಿರುತ್ತಾರೆ, ಸಿಹಿ ಘಮ ಬರುವುದು ಅದರಿಂದ. ಚೆನ್ನಾಗಿರುವ ಒಂದನ್ನು ಮೂಸಿದರೆ ಜೋನಿ ಬೆಲ್ಲದ ಡಬ್ಬಿ ತೆರೆದ ಹಾಗಿರುತ್ತದೆ. ಆ ವಾಸನೆ ಬಂದರೆ ‘ಮಾಲ್ಟ್ ಚೆನ್ನಾಗಿದೆ’ ಅಂತ ಧೈರ್ಯವಾಗಿ ಹೇಳಿ, ಎಲ್ಲರೂ ತಲೆ ಆಡಿಸುತ್ತಾರೆ. ಸಿಹಿಯಾದ ಮೇಲೆ ಕೊನೆಯಲ್ಲಿ ಸ್ವಲ್ಪ ಕಹಿ ಬಂದು ಬಾಯಿ ತೊಳೆಯಬೇಕು. ಬರದಿದ್ದರೆ ಅದು ಶರಬತ್ತು, ನನ್ನ ಪ್ರಕಾರ ಮೂರರ ಮೇಲೆ ಹೋಗಬಾರದು. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿ ಹಳಸಿದೆ ಅಂತ ಅರ್ಥ. ಸಣ್ಣ ಬ್ರೂವರಿಗಳು ಲವಂಗ, ಚಕ್ಕೆ, ಏಲಕ್ಕಿ, ಕಿತ್ತಳೆ ಸಿಪ್ಪೆ ಹಾಕುವುದುಂಟು. ಈ ವಿಷಯದಲ್ಲಿ ನಿಮ್ಮ ಮೂಗು ಅಲ್ಲಿರುವ ಎಲ್ಲರಿಗಿಂತ ಪಳಗಿದ್ದು. ಯಾವುದು ಹೆಚ್ಚಾಗಿದೆ ಅಂತ ನಿಮಗೆ ಥಟ್ಟನೆ ಗೊತ್ತಾಗುತ್ತದೆ. ನನಗಂತೂ ಲವಂಗ ಮುಂದೆ ನಿಂತ ಬಿಯರ್ ಕುಡಿದರೆ ಹಲ್ಲಿನ ಡಾಕ್ಟರ ಕುರ್ಚಿ ನೆನಪಾಗುತ್ತದೆ.

ನೀವೇ ಬಾಟಲಿ ತರಬೇಕಿದ್ದರೆ ಒಂದು ವಿಷಯ ನೆನಪಿರಲಿ. ಅಂಗಡಿಯಲ್ಲಿ ಸಿಗುವುದು ಆಲ್ಕೋಹಾಲ್ 4.7 ಪ್ರತಿಶತದವರೆಗಿನ ಬಿಯರ್ ಮಾತ್ರ. ಅದಕ್ಕಿಂತ ಗಟ್ಟಿಯಾದದ್ದು ಸರ್ಕಾರದ ಮದ್ಯದಂಗಡಿ ವಿನ್‌ಮೊನೊಪೋಲೆಯಲ್ಲಿ. ಒಂದೇ ಬ್ರೂವರಿ ಒಂದೇ ಥರದ ಲೇಬಲ್ ಹಾಕಿ ಎರಡನ್ನೂ ಮಾಡುವುದುಂಟು. ರುಚಿ ಒಂದೇ ಅಲ್ಲ, ಗಟ್ಟಿಯದರಲ್ಲಿ ಮಾಲ್ಟ್ ತುಂಬಿಕೊಂಡಿರುತ್ತದೆ. ಅಂಗಡಿಯವರು ವಾರದ ದಿನಗಳಲ್ಲಿ ರಾತ್ರಿ 8ಕ್ಕೆ, ಶನಿವಾರ ಸಂಜೆ 6ಕ್ಕೆ ಬಿಯರ್ ಮಾರುವುದು ನಿಲ್ಲಿಸಲೇಬೇಕು. ಕೆಲವು ಊರುಗಳಲ್ಲಿ ಇನ್ನೂ ಮುಂಚೆ. ಭಾನುವಾರ ಇಲ್ಲವೇ ಇಲ್ಲ. ಫ್ರಿಜ್‌ನಿಂದ ಅರ್ಧ ಗಂಟೆ ಮೊದಲೇ ಹೊರಗಿಡಿ. ತುಂಬಾ ತಣ್ಣಗಿದ್ದರೆ ಘಮವೇ ಏಳುವುದಿಲ್ಲ. ಹಗುರದ್ದು ಮೊದಲು, ಮಸಾಲೆಯದ್ದು ಕೊನೆಗೆ. ಮಧ್ಯೆ ನೀರು ಕುಡಿಯಿರಿ, ಒಣ ಬ್ರೆಡ್ ಕಚ್ಚಿ.

ಕುಡಿಯುವ ಅಭ್ಯಾಸವೇ ಇಲ್ಲ ಅಂದರೂ ಹೋಗಬಹುದು, ಕಾರಣ ಹೇಳುವ ಅಗತ್ಯ ಇಲ್ಲ. ಆಲ್ಕೋಹಾಲ್ ಇಲ್ಲದ ಯೂಲೆಓಲ್ ಸಿಗುತ್ತದೆ. ಯೂಲೆಬ್ರೂಸ್ ಅಂತ ಹಬ್ಬದ ಸೋಡಾ ಕೂಡ ಇದೆ. ಇಲ್ಲಿನ ಮಕ್ಕಳ ಪ್ರಾಣ ಅದು, ಅದಕ್ಕೂ ದಾಳ ಎಸೆಯುತ್ತಾರೆ, ಕೆಂಪು ಚೆನ್ನಾ ಕಂದು ಚೆನ್ನಾ ಅಂತ ದೊಡ್ಡವರೇ ಕಿತ್ತಾಡುತ್ತಾರೆ. ನೀವು ಎರಡು ಬಗೆ ತಂದಿಟ್ಟರೆ ಮೇಜಿನ ಆ ತುದಿ ನಿಮ್ಮದೇ.

ಕಾರು ಮನೆಯಲ್ಲೇ ಬಿಟ್ಟು ಹೋಗಿ. ಇಲ್ಲಿ ರಕ್ತದಲ್ಲಿ ಆಲ್ಕೋಹಾಲ್ ಮಿತಿ ಸಾವಿರಕ್ಕೆ 0.2, ಅಂದರೆ ಒಂದು ಬಿಯರ್ ಕೂಡ ಜಾಸ್ತಿಯೇ. ರಾತ್ರಿ ಹೆಚ್ಚಾಗಿದ್ದರೆ ಮರುದಿನ ಬೆಳಗ್ಗೆಯೂ ಸ್ಟೀರಿಂಗ್ ಮುಟ್ಟಬೇಡಿ. ಖರ್ಚು ಹಂಚಿಕೊಂಡಿದ್ದರೆ ಆ ರಾತ್ರಿಯೇ ಹಣ ಕಳಿಸುವ ವಿಪ್ಸ್ ಆ್ಯಪ್‌ನಲ್ಲಿ ಕಳಿಸಿಬಿಡಿ, ಇದರಲ್ಲಿ ಇವರು ಬಲು ಕಟ್ಟುನಿಟ್ಟು. ಡಿಸೆಂಬರ್‌ನ ಆಫೀಸ್ ಊಟ ಬೇರೆ ವಿಷಯ, ಅಲ್ಲಿ ಹಂದಿ ಪಕ್ಕೆಲುಬಿನ ರಿಬ್ಬೆಯೇ ಮುಖ್ಯ. ನೀವು ಸಸ್ಯಾಹಾರಿ ಆಗಿದ್ದರೆ ಈ ವಾರವೇ ಹೇಳಿಡಿ, ಇಲ್ಲದಿದ್ದರೆ ಬೇಯಿಸಿದ ಆಲೂಗಡ್ಡೆಯೇ ಗತಿ.