ಒಂದು ಬಿಂದಿಗೆಗೆ ಒಂದು ಟ್ಯಾಂಕರ್ ಕರೆಸಬೇಡಿ

ಪ್ರಶ್ನೆ: ಮೇಡಂ, ನಾನು ಕೋಲಾರದಲ್ಲಿ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷ ಓದುತ್ತಿದ್ದೇನೆ. ಆರ್ಟಿ ಎ7 ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್) ಬೋರ್ಡ್‌ನಿಂದ ವಿಜಿಎ ಮಾನಿಟರ್‌ಗೆ ಚಿತ್ರ ಕಳಿಸುವುದು ನಮ್ಮ ಪ್ರಾಜೆಕ್ಟ್. ಸೈಜು 640×480, ಪಿಕ್ಸೆಲ್‌ಗೆ 2 ಬೈಟ್. ಚಿತ್ರ ಡಿಡಿಆರ್3 ಮೆಮೊರಿಯಲ್ಲಿದೆ. ಸಿಮ್ಯುಲೇಶನ್‌ನಲ್ಲಿ ಎಲ್ಲ ಸರಿ, ಬೋರ್ಡ್‌ನಲ್ಲಿ ಮಾತ್ರ ಚಿತ್ರ ಚಿಂದಿಚಿಂದಿ. ಒಂದೊಂದೇ ಪಿಕ್ಸೆಲ್ ಓದುತ್ತಿದ್ದೇವೆ. ಅಡ್ರೆಸ್ ಕೊಟ್ಟ 24 ಕ್ಲಾಕ್ ಆದಮೇಲೆ ಡೇಟಾ ಬರುತ್ತಿದೆ. ನಮ್ಮ ಗೈಡ್ ಮೆಮೊರಿ ಸ್ಲೋ ಇದೆ, ಬೇರೆ ಬೋರ್ಡ್ ತರಿಸಿ ಅನ್ನುತ್ತಾರೆ. ತರಿಸಬೇಕಾ?

ಉತ್ತರ: ಬೇಡ, ದುಡ್ಡು ಉಳಿಸಿ. ನಿಮ್ಮ ಮೆಮೊರಿ ಸ್ಲೋ ಅಲ್ಲ, ನೀವು ಅದನ್ನು ಕೇಳುವ ರೀತಿ ತಪ್ಪಾಗಿದೆ.

ಮೊದಲು ಲೆಕ್ಕ ನೋಡೋಣ. ಸೆಕೆಂಡಿಗೆ 60 ಸಲ ಇಡೀ ಚಿತ್ರ ಓದಲು ಬೇಕಾಗುವುದು ಸುಮಾರು 37 ಮೆಗಾಬೈಟ್. ನಿಮ್ಮ ಬೋರ್ಡ್‌ನ ಡಿಡಿಆರ್3 333 ಮೆಗಾಹರ್ಟ್ಜ್‌ನಲ್ಲಿ, 16 ಬಿಟ್ ಅಗಲದಲ್ಲಿ, ಕ್ಲಾಕ್‌ಗೆ ಎರಡು ಸಲ ಡೇಟಾ ಕೊಡುತ್ತಾ ಓಡುತ್ತದೆ, ಅಂದರೆ ಹೆಚ್ಚೆಂದರೆ ಸೆಕೆಂಡಿಗೆ 1333 ಮೆಗಾಬೈಟ್ ಕೊಡಬಲ್ಲದು. ಬೇಕಾದ್ದಕ್ಕಿಂತ 36 ಪಟ್ಟು ಜಾಸ್ತಿ! ಹಾಗಿದ್ದೂ ಚಿತ್ರ ಚಿಂದಿಯಾಗುತ್ತಿದೆ ಅಂದರೆ ಕೊರತೆ ಪ್ರಮಾಣದ್ದಲ್ಲ, ಕಾಯುವುದರದ್ದು. ಮೆಮೊರಿಯನ್ನು ನಡೆಸುವ ಕಂಟ್ರೋಲರ್‌ನ ಕ್ಲಾಕ್ 83 ಮೆಗಾಹರ್ಟ್ಜ್, ಒಂದು ಕ್ಲಾಕ್‌ಗೆ 12 ನ್ಯಾನೋಸೆಕೆಂಡ್. 24 ಕ್ಲಾಕ್ ಅಂದರೆ 288. ಆದರೆ ಮಾನಿಟರ್‌ಗೆ 40 ನ್ಯಾನೋಸೆಕೆಂಡಿಗೊಂದು ಪಿಕ್ಸೆಲ್ ಬೇಕು. ಒಂದು ಬರುವಷ್ಟರಲ್ಲಿ ಏಳು ಪಿಕ್ಸೆಲ್‌ಗಳ ಸಮಯ ಮುಗಿದಿರುತ್ತದೆ.

ಕೋಲಾರದವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ ಅನ್ನಿಸುತ್ತದೆ. ನೀರಿನ ಟ್ಯಾಂಕರ್‌ಗೆ ಫೋನ್ ಮಾಡಿದರೆ ಬರುವುದಕ್ಕೆ ಒಂದು ಗಂಟೆ ಹಿಡಿಯುತ್ತದೆ, ಬಂದಮೇಲೆ ಪೈಪ್ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಸಂಪ್ ತುಂಬುತ್ತದೆ. ಒಂದು ಬಿಂದಿಗೆ ನೀರಿಗೆ ಒಂದು ಟ್ಯಾಂಕರ್ ಅಂತ ಯಾರೂ ಕರೆಸುವುದಿಲ್ಲ, ಅಲ್ವಾ? ಸಂಪ್‌ನಲ್ಲಿ ನೀರು ಅರ್ಧಕ್ಕೆ ಇಳಿದಾಗಲೇ ಫೋನ್ ಮಾಡುತ್ತೇವೆ. ನಿಮ್ಮ ಡಿಸೈನ್‌ಗೂ ಒಂದು ಸಂಪ್ ಬೇಕು. ಎಫ್‌ಪಿಜಿಎ ಒಳಗಿನ ಬ್ಲಾಕ್ ರ‍್ಯಾಮ್‌ನಲ್ಲಿ ಎರಡು ಸಾಲು ಹಿಡಿಸುವ ಬಫರ್ ಮಾಡಿ. ಒಂದು ಸಾಲು ಮಾನಿಟರ್‌ಗೆ ಹೋಗುತ್ತಿರುವಾಗಲೇ ಮುಂದಿನ ಸಾಲನ್ನು ಒಟ್ಟಿಗೆ ತರಿಸಿಕೊಳ್ಳಿ. ಒಂದು ಸಾಲು 1280 ಬೈಟ್. ಕಂಟ್ರೋಲರ್ ಒಂದು ಕ್ಲಾಕ್‌ಗೆ 16 ಬೈಟ್ ಕೊಡುತ್ತದೆ, ಹಾಗಾಗಿ 80 ಕ್ಲಾಕ್. ಮೊದಲ 24 ಸೇರಿಸಿದರೂ ಒಂದೂಕಾಲು ಮೈಕ್ರೋಸೆಕೆಂಡ್ ಆಯಿತು, ಮಾನಿಟರ್ ಒಂದು ಸಾಲಿಗೆ ತೆಗೆದುಕೊಳ್ಳುವುದು ಸುಮಾರು 32. ಮಿಕ್ಕ ಹೊತ್ತು ಮೆಮೊರಿ ಖಾಲಿ ಕೂತಿರುತ್ತದೆ.

ಆ 24 ಎಲ್ಲಿ ಹೋಗುತ್ತದೆ ಅಂತ ನೋಡಿ, ಅದು ಗೊತ್ತಾದರೆ ಮೆಮೊರಿಯನ್ನು ಬೈಯುವುದು ಬಿಡುತ್ತೀರಿ. ಚಿಪ್‌ನಲ್ಲಿ ಹಳೆಯ ರೋ (ಮೆಮೊರಿಯೊಳಗಿನ ಅಡ್ಡಸಾಲು) ಮುಚ್ಚುವುದು, ಹೊಸ ರೋ ತೆರೆಯುವುದು, ಕಾಲಮ್ ಓದುವುದು, ಒಂದೊಂದಕ್ಕೂ ಸುಮಾರು 15 ನ್ಯಾನೋಸೆಕೆಂಡ್. ಒಟ್ಟು 45. ಉಳಿದ ಇನ್ನೂರಕ್ಕೂ ಜಾಸ್ತಿ ಕಂಟ್ರೋಲರ್‌ನ ಪೈಪ್‌ಲೈನ್, ಪಿನ್ ಹತ್ತಿರದ ಸರ್ಕ್ಯೂಟ್ ಮತ್ತು ಬಸ್ ಇಂಟರ್‌ಫೇಸ್ ಪಾಲು. ಇದನ್ನು ನೀವು ಕಡಿಮೆ ಮಾಡಲಾಗುವುದಿಲ್ಲ. ಬೇರೆ ಬೋರ್ಡ್ ತಂದರೂ ಈ ಪಾಲು ಅಲ್ಲೂ ಇರುತ್ತದೆ.

ಇನ್ನೊಂದು ವಿಷಯ, ಇದು ನನ್ನನ್ನೇ ವಾರಗಟ್ಟಲೆ ಅಲೆದಾಡಿಸಿತ್ತು. ಸಾಲುಗಳನ್ನು 1280 ಬೈಟ್‌ಗೊಂದರಂತೆ ಒತ್ತಾಗಿ ಜೋಡಿಸಬೇಡಿ, 2048ಕ್ಕೊಂದು ಇಡಿ. ಬ್ಲಾಕ್‌ಗಳ ನಡುವೆ ಡೇಟಾ ಸಾಗಿಸುವ ಎಎಕ್ಸ್‌ಐ ಬಸ್‌ನಲ್ಲಿ ಒಂದು ಬರ್ಸ್ಟ್ (ಒಂದೇ ಅಡ್ರೆಸ್ ಕೊಟ್ಟು ಸಾಲಾಗಿ ಸಾಗಿಸುವ ಡೇಟಾ) 4 ಕೆಬಿ ಗಡಿ ದಾಟಬಾರದು ಎಂಬ ನಿಯಮವಿದೆ. ಒತ್ತಾಗಿ ಇಟ್ಟರೆ ಪ್ರತಿ 16 ಸಾಲಿನಲ್ಲಿ 4, 7, 10, 13ನೇ ಸಾಲುಗಳು ಗಡಿ ದಾಟುತ್ತವೆ. 2048ಕ್ಕೆ ಇಟ್ಟರೆ ಒಂದೂ ದಾಟುವುದಿಲ್ಲ. ಜೊತೆಗೆ ಈ 16 ಬಿಟ್ ಚಿಪ್‌ನಲ್ಲಿ ಒಂದು ರೋ ಸರಿಯಾಗಿ 2 ಕೆಬಿ, ಹಾಗಾಗಿ ಒಂದು ಸಾಲು ಓದುವಾಗ ಮಧ್ಯದಲ್ಲಿ ರೋ ಬದಲಾಗುವುದೇ ಇಲ್ಲ. ಜಾಗ ಸ್ವಲ್ಪ ಪೋಲಾಗುತ್ತದೆ, ಆಗಲಿ ಬಿಡಿ, 256 ಮೆಗಾಬೈಟ್‌ನಲ್ಲಿ ಇಡೀ ಚಿತ್ರಕ್ಕೆ ಒಂದು ಮೆಗಾಬೈಟ್ ಕೂಡ ಆಗುವುದಿಲ್ಲ.

ಸಿಮ್ಯುಲೇಶನ್‌ನಲ್ಲಿ ಯಾಕೆ ಸರಿ ಬಂತು ಅಂದರೆ, ಟೆಸ್ಟ್‌ಬೆಂಚ್‌ನಲ್ಲಿ ಮೆಮೊರಿ ಬದಲು ಸುಮ್ನೆ ಒಂದು ಅರೇ ಇಟ್ಟಿರುತ್ತೀರಿ, ಅದು ಮರು ಕ್ಲಾಕ್‌ಗೇ ಉತ್ತರ ಕೊಡುತ್ತದೆ. ನಿಜವಾದ ಡಿಡಿಆರ್3 7.8 ಮೈಕ್ರೋಸೆಕೆಂಡಿಗೊಮ್ಮೆ, ಇರುವ ಡೇಟಾ ಅಳಿಸಿಹೋಗದಂತೆ, ರಿಫ್ರೆಶ್‌ಗೆ ಹೋಗುತ್ತದೆ, ಆಗ ಯಾರ ಮಾತೂ ಕೇಳುವುದಿಲ್ಲ. ಅರೇಗೆ 20ರಿಂದ 60 ಕ್ಲಾಕ್‌ವರೆಗೆ ರ‍್ಯಾಂಡಮ್ ತಡ ಸೇರಿಸಿ ಮತ್ತೆ ಓಡಿಸಿ. ಬೋರ್ಡ್‌ನಲ್ಲಿ ಕಂಡಿದ್ದು ಅಲ್ಲೇ ಕಾಣುತ್ತದೆ.

ಪ್ರಶ್ನೆ: ನಮಸ್ತೆ ಮೇಡಂ, ಮುಳಬಾಗಿಲಿನಿಂದ ಬರೆಯುತ್ತಿದ್ದೇನೆ. ಮೆಮೊರಿ ಕಂಟ್ರೋಲರ್‌ಗೆ ಎಎಕ್ಸ್‌ಐ ಹಾಕಿದ್ದೇವೆ. ಐದು ಚಾನೆಲ್, ಹತ್ತಾರು ಸಿಗ್ನಲ್, ತಲೆ ಕೆಟ್ಟುಹೋಗಿದೆ. ಕೆಲವು ಸಲ ಬರೆದಮೇಲೆ ಬಸ್ ಅಲ್ಲೇ ನಿಂತುಬಿಡುತ್ತದೆ. ಇದನ್ನು ಬಿಟ್ಟು ಕಂಟ್ರೋಲರ್‌ನ ನೇಟಿವ್ (ಅದರದ್ದೇ ಆದ ನೇರ) ಇಂಟರ್‌ಫೇಸ್ ಬಳಸಬಹುದಾ?

ಉತ್ತರ: ಮೆಮೊರಿ ಬಳಸುವುದು ನಿಮ್ಮ ಒಂದೇ ಬ್ಲಾಕ್ ಆದರೆ ಖಂಡಿತ ಬಳಸಿ. ಒಂದು ಕಮಾಂಡ್, ಒಂದು ಅಡ್ರೆಸ್, 16 ಬೈಟ್ ಡೇಟಾ, ಅಷ್ಟೇ. ಪ್ರೊಸೆಸರ್ ಅಥವಾ ಡಿಎಂಎ (ಪ್ರೊಸೆಸರ್ ನೆರವಿಲ್ಲದೆ ಡೇಟಾ ಸಾಗಿಸುವ ಬ್ಲಾಕ್) ಕೂಡ ಅದೇ ಮೆಮೊರಿಗೆ ಬರುವುದಿದ್ದರೆ ಎಎಕ್ಸ್‌ಐ ಬಿಡಬೇಡಿ, ಹಂಚಿಕೊಡುವ ಇಂಟರ್‌ಕನೆಕ್ಟನ್ನು ನೀವೇ ಬರೆಯುವ ಕಷ್ಟ ತಪ್ಪುತ್ತದೆ.

ಐದು ಚಾನೆಲ್ ನೋಡಿ ಹೆದರಬೇಡಿ. ಐದರಲ್ಲೂ ನಡೆಯುವುದು ಒಂದೇ ವ್ಯವಹಾರ: ಕೊಡುವವರು ವ್ಯಾಲಿಡ್ ಸಿಗ್ನಲ್ ಎತ್ತುತ್ತಾರೆ (1 ಮಾಡುತ್ತಾರೆ), ತೆಗೆದುಕೊಳ್ಳುವವರು ರೆಡಿ ಎತ್ತುತ್ತಾರೆ, ಎರಡೂ ಒಂದೇ ಕ್ಲಾಕ್‌ನಲ್ಲಿ ಮೇಲಿದ್ದರೆ ಸಾಮಾನು ಕೈ ಬದಲಾಯಿತು. ರೆಡಿ ಬರಲಿ ಆಮೇಲೆ ವ್ಯಾಲಿಡ್ ಎತ್ತೋಣ ಅಂತ ಕೊಡುವವರು ಕಾಯುವ ಹಾಗಿಲ್ಲ. ಆ ಕಡೆಯವರು ವ್ಯಾಲಿಡ್ ಬಂದಮೇಲೆಯೇ ರೆಡಿ ಎತ್ತಬಹುದು, ಅವರಿಗೆ ಆ ಅನುಮತಿ ಇದೆ. ಇಬ್ಬರೂ ಕಾದರೆ ಬಸ್ ನಿಂತೇ ಇರುತ್ತದೆ. ಎತ್ತಿದ ವ್ಯಾಲಿಡ್ಡನ್ನು ರೆಡಿ ಸಿಗುವ ತನಕ ಇಳಿಸಲೂಬಾರದು.

ನಿಮ್ಮದು ಬರೆದಮೇಲೆ ನಿಲ್ಲುತ್ತಿದೆ ಅಂದಿರಿ. ನನ್ನ ಅನುಮಾನ ಬಿ ಚಾನೆಲ್ ಮೇಲೆ. ಬರೆದದ್ದು ಮುಟ್ಟಿತು ಅಂತ ಮೆಮೊರಿ ಕಡೆಯಿಂದ ಅಲ್ಲೊಂದು ಉತ್ತರ ಬರುತ್ತದೆ, ಅದನ್ನು ತೆಗೆದುಕೊಳ್ಳುವುದನ್ನೇ ಮರೆತುಬಿಡುತ್ತಾರೆ. ತೆಗೆದುಕೊಳ್ಳದ ಉತ್ತರಗಳು ತುಂಬಿಕೊಂಡರೆ ಮುಂದಿನ ಬರಹಕ್ಕೆ ದಾರಿ ಇರುವುದಿಲ್ಲ. ಬಿ-ರೆಡಿ ಸಿಗ್ನಲನ್ನು ಯಾವಾಗಲೂ 1ಕ್ಕೆ ಕಟ್ಟಿ ಒಂದು ಸಲ ಓಡಿಸಿ. ಆಗಲೂ ನಿಂತರೆ ಡಬ್ಲ್ಯೂ-ಲಾಸ್ಟ್ ನೋಡಿ, ಬರ್ಸ್ಟ್‌ನ ಕೊನೆಯ ಡೇಟಾ ಜೊತೆಗೇ ಅದು ಏರುತ್ತಿದೆಯಾ ಅಂತ.