ಮಾಸ್ಟರ್ ಹೊಸದು, ಕ್ಲಚ್ ಮಾತ್ರ ಹಳೇ ಕಥೆ: ಟೆಂಪೋದವರಿಗೆ ಉತ್ತರ

ಮಲ್ಪೆಯಿಂದ ಮೀನು ಸಾಗಿಸುವ ನಿಮ್ಮ ಟೆಂಪೋಗೆ ಹೊಸ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲ್ ತಳ್ಳುವ ಭಾಗ) ಹಾಕಿದ ಮೇಲೂ ಕ್ಲಚ್ ಪೆಡಲ್ ನೆಲಕ್ಕೆ ಹೋಗುತ್ತದೆ, ರಿವರ್ಸ್ ಹಾಕಿದರೆ ಗರ್ರ್ ಅನ್ನುತ್ತದೆ. ಈಗ ಮೆಕ್ಯಾನಿಕ್ ಗೇರ್ ಬಾಕ್ಸ್ ಇಳಿಸಿ ಪ್ಲೇಟ್ ಬದಲಿಸೋಣ ಅಂತಿದ್ದಾರೆ, ಅಲ್ವಾ? ಸ್ವಲ್ಪ ತಡೆಯಿರಿ ಮಾರಾಯ್ರೆ.

ಪೆಡಲನ್ನು ನಾಲ್ಕೈದು ಸಲ ಬೇಗ ಬೇಗ ತುಳಿಯಿರಿ. ಪೆಡಲ್ ಗಟ್ಟಿಯಾಗಿ ಗೇರು ಸಲೀಸಾಗಿ ಬಿದ್ದರೆ ಆಯಿಲ್ ಲೈನಿನಲ್ಲಿ ಗಾಳಿ ಉಂಟು. ಹೊಸ ಮಾಸ್ಟರ್ ಹಾಕಿದಾಗ ಇದು ಜಾಸ್ತಿ. ತುಳಿದು ಹಿಡಿದಾಗ ಮೆಲ್ಲ ಇಳಿಯುತ್ತಾ ಹೋದರೆ ಎಲ್ಲೋ ಸೀಲ್ ಬಿಡುತ್ತಿದೆ.

ಈಗ ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿ ಕೆಳಗೆ ನುಗ್ಗಿ. ಮಾಸ್ಟರ್ ಕಳಿಸಿದ ಆಯಿಲ್‌ನಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಗೇರ್ ಬಾಕ್ಸಿನ ಹೊರಗಿದ್ದರೆ ಅದರ ರಬ್ಬರ್ ಬೂಟ್ ಎತ್ತಿ. ಹೋದ ಮಳೆಗಾಲ ನನ್ನ ಪಿಕಪ್‌ನಲ್ಲಿ ಬೂಟ್ ಎತ್ತಿದ್ದೇ ತಡ, ಹಾಲು ಹಾಕದ ಕಟ್ಟಂಚಾಯದ ಬಣ್ಣದ ಆಯಿಲ್ ಮೊಣಕೈವರೆಗೆ ಇಳಿಯಿತು. ಒಳಗೆ ನೋಡಿದರೆ ಸಿಲಿಂಡರ್ ಗೋಡೆಗೆ ತುಕ್ಕಿನ ಗುಳಿ. ಅಂಥದ್ದಕ್ಕೆ ಹೊಸ ಸೀಲುಗಳ ಕಿಟ್ ಹಾಕಿದರೆ ಸುಮ್ನೆ ದಂಡ, ಇಡೀ ಸ್ಲೇವ್ ಬದಲಿಸಿ. ಕ್ಲಚ್ಚಿಗೂ ಹಾಕುವ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಅದರಿಂದಲೇ ತುಕ್ಕು. ನಮ್ಮ ಕರಾವಳಿಯಲ್ಲಿ ಕೇಳಬೇಕೇ? ಮೇಲಿಂದ ಮೀನಿನ ಐಸ್ ಕರಗಿದ ಉಪ್ಪುನೀರು ಬೇರೆ.

ಬ್ಲೀಡಿಂಗಿಗೆ, ಅಂದರೆ ಲೈನಿನ ಗಾಳಿ ತೆಗೆಯಲು, ಇಬ್ಬರು ಬೇಕು. ಸ್ಲೇವ್ ಮೇಲೆ ಗಾಳಿ ಬಿಡುವ ಸಣ್ಣ ಸ್ಕ್ರೂ ಇರುತ್ತದೆ, ಅದೇ ನಿಪ್ಪಲ್. ನಿಪ್ಪಲ್‌ಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ರಿಂಗ್ ಸ್ಪಾನರಿನಿಂದಲೇ ತಿರುಗಿಸಿ. ಅದು ಮುರಿದರೆ ದಿನ ಹೋಯಿತು. ನಿಪ್ಪಲ್‌ಗೆ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಯ ಆಯಿಲ್‌ನಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಕಾಲು ಸುತ್ತು ಬಿಚ್ಚಬೇಕು. ನಿಪ್ಪಲ್ ಮುಚ್ಚಿದ ಮೇಲೆಯೇ ಕಾಲು ತೆಗೆಯಬೇಕು, ಇಲ್ಲವಾದರೆ ಗಾಳಿ ವಾಪಸ್ ಒಳಗೆ. ಗುಳ್ಳೆ ನಿಲ್ಲುವವರೆಗೆ ಇದೇ ಕೆಲಸ. ಮಾಸ್ಟರಿಗೆ ಆಯಿಲ್ ಕೊಡುವ ಮೇಲಿನ ಡಬ್ಬಿಯಲ್ಲಿ ಆಯಿಲ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ.

ಆ ಡಬ್ಬಿಯ ಮುಚ್ಚಳದಲ್ಲಿ ಬರೆದ ಆಯಿಲ್ಲೇ ಹಾಕಿ, ಸಾಮಾನ್ಯವಾಗಿ ಡಾಟ್ 3 ಅಥವಾ 4 ದರ್ಜೆಯ ಬ್ರೇಕ್ ಆಯಿಲ್. ಎಂಜಿನ್ ಆಯಿಲ್ ಒಂದು ಹನಿಯೂ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಪೇಂಟಿಗೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಗಾಳಿ ತೆಗೆದ ಮೇಲೆ ಒಬ್ಬರು ಪೆಡಲ್ ತುಳಿಯಲಿ, ನೀವು ಸ್ಲೇವಿನಿಂದ ಹೊರಬರುವ ರಾಡಿಗೆ ಸ್ಕೇಲ್ ಹಿಡಿಯಿರಿ. ನನ್ನದರಲ್ಲಿ ರಿಪೇರಿಗೆ ಮೊದಲು ಕಾಲು ಇಂಚೂ ಸರಿಯುತ್ತಿರಲಿಲ್ಲ. ರಾಡ್ ಪೂರ್ತಿ ಸರಿದೂ ಗೇರು ಗರ್ರ್ ಅಂದರೆ ಮಾತ್ರ ಮೆಕ್ಯಾನಿಕ್ ಹೇಳಿದ್ದು ಸರಿ, ಬಾಕ್ಸ್ ಇಳಿಸಿ. ಅಳತೆ ಎಷ್ಟು ಬಂತು ಅಂತ ಇಲ್ಲೇ ಹಾಕಿ, ಬೂಟ್ ಎತ್ತಿದ ಫೋಟೋನೂ ಇರಲಿ.